ಶಿರಸಿಯ ಮಹಡಿ ಮೇಲಿನ ಬಾಡಿಗೆ ಪುಸ್ತಕದಂಗಡಿ: ತುಘಲಕ್‌ನಿಂದ ಕಾಷ್ಮೋರದ ತನಕ

ಮೊದಲೇ ಹೇಳಿಬಿಡುತ್ತೇನೆ, ಈ ಅಂಗಡಿಗೆ ಬೋರ್ಡ್ ಇಲ್ಲ. ಸಿ.ಪಿ. ಬಜಾರಿನಲ್ಲಿ ಒಂದು ಕಿರಾಣಿ ಅಂಗಡಿ, ಅದರ ಪಕ್ಕದಲ್ಲಿ ಮರದ ಮೆಟ್ಟಿಲು. ಹತ್ತಿದರೆ ಎರಡು ಕೋಣೆ. ಎರಡರಲ್ಲೂ ನೆಲದಿಂದ ಜಂತಿಯವರೆಗೆ ಪುಸ್ತಕ. ಬಾಡಿಗೆಗೆ ಕೊಡುತ್ತಾರೆ, ಎರಡೆರಡು ಪ್ರತಿ ಇದ್ದರೆ ಒಂದನ್ನು ಮಾರುತ್ತಾರೆ ಕೂಡ. ಹೆಸರು, ಫೋನ್ ನಂಬರ್ ಎಲ್ಲ ಹಾಕುವುದು ಮಾಲೀಕರಿಗೆ ಇಷ್ಟವಿಲ್ಲ, ಅದಕ್ಕೇ ನಾನೂ ಹಾಕುತ್ತಿಲ್ಲ. ಬಜಾರಿನಲ್ಲಿ ಯಾರನ್ನಾದರೂ ಕೇಳಿ, ಮೆಟ್ಟಿಲು ತೋರಿಸುತ್ತಾರೆ.

ನಾನು ಎರಡು ವರ್ಷದಿಂದ ಸದಸ್ಯೆ. ನಮ್ಮ ಮನೆ ಶಿರಸಿಯಿಂದ 14 ಕಿಲೋಮೀಟರ್ ಒಳಗೆ, ಅಡಿಕೆ ತೋಟದ ನಡುವೆ. ಪೇಟೆಗೆ ಬರುವುದು ವಾರಕ್ಕೆ ಒಂದೋ ಎರಡೋ ಸಲ. ಸಂಜೆ ಬಸ್ಸು ತಪ್ಪಿದರೆ ಕಥೆ ಮುಗಿಯಿತು. ಅಂಥದ್ದರಲ್ಲೂ ಇಲ್ಲಿಗೆ ಹೋಗುವುದನ್ನು ಬಿಟ್ಟಿಲ್ಲ ಅಂದರೆ ಏನೋ ಇರಬೇಕಲ್ವಾ, ಅದನ್ನೇ ಬರೆಯೋಣ ಅಂತ ಕೂತಿದ್ದೇನೆ.

ಲೆಕ್ಕ ಸರಳ. ಠೇವಣಿ 300 ರೂಪಾಯಿ. ತಿಂಗಳಿಗೆ 100. ಒಂದು ಸಲಕ್ಕೆ ಮೂರು ಪುಸ್ತಕ, 15 ದಿನ ಇಟ್ಟುಕೊಳ್ಳಬಹುದು. ಜೂನ್‌ನಿಂದ ಸೆಪ್ಟೆಂಬರ್ ತನಕ ಪ್ಲಾಸ್ಟಿಕ್ ಚೀಲ ತರಲೇಬೇಕು, ಇಲ್ಲದಿದ್ದರೆ ಪುಸ್ತಕ ಕೈಗೆ ಬರುವುದಿಲ್ಲ, ಎಷ್ಟೇ ಪರಿಚಯ ಇದ್ದರೂ ಇಲ್ಲ. ಇನ್ನೊಂದು ನಿಯಮ ಇದೆ, ಅದೇ ಈ ಅಂಗಡಿಯ ಜೀವ. ಮೂರರಲ್ಲಿ ಒಂದು, ನೀವು ಸಾಮಾನ್ಯವಾಗಿ ಓದದ ಬಗೆಯದ್ದಾಗಿರಬೇಕು. ಅದನ್ನು ಅವರೇ ಆರಿಸುತ್ತಾರೆ. ಬೇಡ ಅನ್ನಬಹುದು, ಆಗ ಎರಡೇ ಪುಸ್ತಕ ಕೊಡುತ್ತಾರೆ.

ಮೊದಲ ದಿನ ನಾನು ಎರಡು ಸಾಮಾಜಿಕ ಕಾದಂಬರಿ ತೆಗೆದುಕೊಂಡೆ. ಮನೆ, ಮದುವೆ, ಅತ್ತೆ ಸೊಸೆ, ನಾನು ಓದುತ್ತಾ ಬಂದಿದ್ದೇ ಅದು. ಮೂರನೆಯದು ಅಂತ ಅವರು ಗಿರೀಶ ಕಾರ್ನಾಡರ ‘ತುಘಲಕ್’ ಇಟ್ಟರು. ನಾಟಕ ನೋಡೋದಕ್ಕೆ ತಾನೇ, ಓದೋದು ಹೇಗೆ ಅಂದೆ. ‘ಒಬ್ಬರೇ ಓದಬೇಡಿ. ಮನೆಯಲ್ಲಿ ಎಷ್ಟು ಜನ ಇದ್ದೀರಿ, ಅಷ್ಟೂ ಜನ ಪಾತ್ರ ಹಂಚಿಕೊಂಡು ಜೋರಾಗಿ ಓದಿ’ ಅಂದರು. ಹಾಗೇ ಇನ್ನೊಂದು ಮಾತು ಸೇರಿಸಿದರು. ಕಾರ್ನಾಡರು ಹುಡುಗನಾಗಿದ್ದಾಗ ಬೆಳೆದದ್ದು ಇದೇ ಶಿರಸಿಯಲ್ಲಿ, ಅವರ ತಂದೆ ಇಲ್ಲಿ ಡಾಕ್ಟರಾಗಿದ್ದರು, ಇಲ್ಲಿ ಕಂಡ ಯಕ್ಷಗಾನ, ಕಂಪನಿ ನಾಟಕಗಳೇ ಅವರೊಳಗೆ ಉಳಿದುಕೊಂಡದ್ದು ಅಂತ. ಇದೇ ಊರಿನ ಬಸ್ ಹತ್ತಿಳಿಯುವ ನನಗೆ ಅದು ಸರಿಯಾಗಿ ಗೊತ್ತೇ ಇರಲಿಲ್ಲ. ಆಮೇಲೆ ಅವರ ಆತ್ಮಕಥೆ ‘ಆಡಾಡತ ಆಯುಷ್ಯ’ವನ್ನೂ ಇಲ್ಲಿಂದಲೇ ತಂದು ಓದಿದೆ.

ಜುಲೈ ತಿಂಗಳು. ನಮ್ಮಲ್ಲಿ ಜುಲೈ ಅಂದರೆ ಹೇಳಬೇಕಾ, ಮೂರು ದಿನದಿಂದ ಕರೆಂಟಿಲ್ಲ, ಹೆಂಚಿನ ಮೇಲೆ ಮಳೆ ಒಂದೇ ಸಮ ಹೊಡೆಯುತ್ತಿದೆ, ಫೋನೆಲ್ಲ ಸತ್ತುಹೋಗಿವೆ. ಜಗಲಿಯಲ್ಲಿ ಚಾರ್ಜಿಂಗ್ ಲೈಟ್ ಇಟ್ಟುಕೊಂಡು ಮೂವರು ಕೂತೆವು. ನಾನು, ಅತ್ತೆ, ಒಂಬತ್ತನೇ ಕ್ಲಾಸಿನ ಮಗ. ಮಗ ಅಜೀಜ್ ಆದ. ಅತ್ತೆ ಸುಲ್ತಾನ ತುಘಲಕ್. ಉಳಿದವರೆಲ್ಲ ನಾನು.

ಅತ್ತೆ ಓದಿದ ರೀತಿ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ. ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ ಬರುತ್ತದಲ್ಲ, ಜಾತ್ರೆಗೆ ಬಂದ ನಾಟಕ ಕಂಪನಿಗಳನ್ನೆಲ್ಲ ಅವರು ಮದುವೆಗೆ ಮುಂಚಿನಿಂದ ನೋಡಿದವರು. ಮಾತನ್ನು ಎಲ್ಲಿ ನಿಲ್ಲಿಸಬೇಕು, ಎಲ್ಲಿ ಎತ್ತಬೇಕು ಅನ್ನುವುದು ಅವರ ನಾಲಿಗೆಯಲ್ಲೇ ಇದೆ. ಸುಲ್ತಾನ ರಾಜಧಾನಿಯನ್ನು ದೆಹಲಿಯಿಂದ ದೌಲತಾಬಾದಿಗೆ ಒಯ್ಯುತ್ತೇನೆ ಅನ್ನುವ ಜಾಗದಲ್ಲಿ ಅವರು ದನಿಯನ್ನು ಏರಿಸಲಿಲ್ಲ, ಇಳಿಸಿದರು. ಮನೆಯ ಹಿರಿಯರು ಒಂದು ತೀರ್ಮಾನ ಹೇಳುವಾಗ ಮಾತಾಡುವ ದನಿ ಅದು. ನನಗೆ ಮೈ ಜುಮ್ಮೆಂದಿತು. ನಾಟಕ ಶುರುವಾಗುವುದು 1327ರಲ್ಲಿ, ಕಾರ್ನಾಡರು ಬರೆದದ್ದು 1964ರಲ್ಲಿ, ಆಗ ಅವರಿಗೆ 26 ವರ್ಷ. ನಾವು ಓದಿದ್ದು ಅಡಿಕೆಗೆ ಕೊಳೆ ಬಂದ ವರ್ಷ ನಮ್ಮ ಜಗಲಿಯಲ್ಲಿ. ಎಲ್ಲಿಯ ದೆಹಲಿ, ಎಲ್ಲಿಯ ನಾವು. ಆದರೂ ಅದು ನಮ್ಮೆದುರಿಗೇ ನಡೆಯುತ್ತಿರುವ ಹಾಗೆ ಇತ್ತು.

ಶಾಲೆಯಲ್ಲಿ ಇತಿಹಾಸ ಅಂದರೆ ಇಸವಿ ನೆನಪಿಟ್ಟುಕೊಳ್ಳುವುದು ಅಂತ ನನ್ನ ತಲೆಯಲ್ಲಿ ಕೂತಿತ್ತು. ನಾಟಕದಲ್ಲಿ ಇಸವಿ ಹಿಂದೆ ಸರಿಯುತ್ತದೆ, ಮುಂದೆ ಏನಾಗುತ್ತದೆ ಅನ್ನುವುದು ಮುಂದೆ ಬರುತ್ತದೆ. ಅಜೀಜ್ ಅನ್ನುವ ಅಗಸ ಬ್ರಾಹ್ಮಣನ ವೇಷ ಹಾಕಿಕೊಂಡು ಸುಲ್ತಾನನ ಮೇಲೇ ಕೇಸು ಹಾಕಿ ಗೆಲ್ಲುತ್ತಾನೆ. ನ್ಯಾಯ ಎಲ್ಲರಿಗೂ ಒಂದೇ ಅಂತ ತೋರಿಸಲು ಸುಲ್ತಾನ ಸೋಲನ್ನು ಒಪ್ಪಿಕೊಳ್ಳುತ್ತಾನೆ. ಆ ಒಳ್ಳೆಯ ಕೆಲಸದ ಹೊಟ್ಟೆಯಲ್ಲೇ ಮೋಸ ಕೂತಿದೆ ಅನ್ನುವುದು ನಮಗೆ ಗೊತ್ತಾಗುತ್ತದೆ, ಸುಲ್ತಾನನಿಗೆ ಗೊತ್ತಾಗುವುದಿಲ್ಲ. ನಮಗೆ ಗೊತ್ತು, ಪಾತ್ರಕ್ಕೆ ಗೊತ್ತಿಲ್ಲ. ಪತ್ತೇದಾರಿ ಕಾದಂಬರಿ ಪುಟ ತಿರುಗಿಸಲು ಇನ್ನೇನು ಮಾಡುತ್ತದೆ ಹೇಳಿ. ಇದನ್ನು ನನಗಿಂತ ಮುಂಚೆ ಹೇಳಿದ್ದು ಅತ್ತೆ.

ದೌಲತಾಬಾದಿನ ಕೋಟೆಯ ಮೇಲೆ ರಾತ್ರಿ ಇಬ್ಬರು ಕಾವಲುಗಾರರು ಮಾತಾಡುವ ದೃಶ್ಯ ಒಂದಿದೆ. ಒಬ್ಬ ಮುದುಕ, ಒಬ್ಬ ಹುಡುಗ. ಕೋಟೆಯ ಹೊಟ್ಟೆಯೊಳಗೆ ಹೆಬ್ಬಾವಿನಂತೆ ಸುತ್ತಿಕೊಂಡ ಟೊಳ್ಳು ದಾರಿಯ ಬಗ್ಗೆ ಮುದುಕ ಹೇಳುತ್ತಾನೆ. ನಿದ್ದೆ ಬಾರದ ಸುಲ್ತಾನ ಅದೇ ಹೊತ್ತಿಗೆ ಅಲ್ಲಿಗೆ ಬರುತ್ತಾನೆ. ಅಷ್ಟು ಓದಿ ನಾವು ಸುಮ್ನೆ ಕೂತೆವು. ಮಗ ಮೆಲ್ಲಗೆ ‘ಇದು ದೆವ್ವದ ಕಥೆನಾ ಆಯಿ’ ಅಂತ ಕೇಳಿದ. ದೆವ್ವ ಎಲ್ಲೂ ಇಲ್ಲ. ಆದರೆ ಅವನು ಕೇಳಿದ್ದರಲ್ಲಿ ತಪ್ಪೂ ಇರಲಿಲ್ಲ.

ಮುಂದಿನ ಸಲ ಹೋದಾಗ ಇದನ್ನು ಮಾಲೀಕರಿಗೆ ಹೇಳಿದೆ. ಅವರು ಎದ್ದು ಒಳಕೋಣೆಗೆ ಹೋಗಿ ಹುಡುಗನಿಗೆ ಅಂತ ಒಂದು ಕಟ್ಟು ತಂದುಕೊಟ್ಟರು.

ಈ ಕಟ್ಟಿನ ಬಗ್ಗೆ ಸ್ವಲ್ಪ ಜಾಸ್ತಿಯೇ ಬರೆಯಬೇಕು. ಮುಂಚೆ ಮನೆಮನೆಯಲ್ಲಿ ವಾರಪತ್ರಿಕೆಯ ಧಾರಾವಾಹಿ ಕತ್ತರಿಸಿ ಜೋಡಿಸಿಡುತ್ತಿದ್ದರು, ನೆನಪಿದೆಯಾ? ‘ಸುಧಾ’, ‘ತರಂಗ’ ಬಂದ ತಕ್ಷಣ ಮೊದಲು ಯಾರು ಓದುವುದು ಅಂತ ಜಗಳ, ಕೊನೆಗೆ ಕತ್ತರಿ ಹಿಡಿಯುವವರು ಅಮ್ಮನೋ ಚಿಕ್ಕಮ್ಮನೋ. ಅಂಥ ಕಟ್ಟುಗಳು ಈ ಅಂಗಡಿಯಲ್ಲಿ ಒಂದು ಕಪಾಟು ತುಂಬ ಇವೆ. ಮನೆ ಖಾಲಿ ಮಾಡುವವರು, ಅಟ್ಟ ಗುಡಿಸುವವರು ರದ್ದಿಗೆ ಹಾಕುವ ಬದಲು ಇವರಿಗೆ ತಂದುಕೊಡುತ್ತಾರೆ. ನಮಗೆ ಸಿಕ್ಕಿದ್ದನ್ನು ದಬ್ಬಣದಿಂದ ಮೂರು ತೂತು ಮಾಡಿ, ಸುತಳಿಯಲ್ಲಿ ಹೊಲಿದಿದ್ದರು. ರಟ್ಟಿಗೆ ಹಳೆ ಕ್ಯಾಲೆಂಡರ್. ಅಡಿಕೆ ಬೇಯಿಸುವ ಒಲೆಯ ಹೊಗೆಯ ವಾಸನೆ ಇನ್ನೂ ಹೋಗಿರಲಿಲ್ಲ, ಯಾರದೋ ಅಟ್ಟದಲ್ಲಿ ವರ್ಷಗಟ್ಟಲೆ ಇದ್ದಿರಬೇಕು, ಆ ಹೊಗೆಯಿಂದಲೇ ಹುಳ ಬಿದ್ದಿಲ್ಲ. ಒಂದು ಪುಟದ ಹಿಂದೆ ಅರ್ಧ ಸೋಪಿನ ಜಾಹೀರಾತು. ಇನ್ನೊಂದರ ಹಿಂದೆ ಅರ್ಧ ಉಪ್ಪಿನಕಾಯಿ ವಿಧಾನ, ಕೊನೆಗೆ ಎಷ್ಟು ಮೆಣಸು ಹಾಕಬೇಕು ಅನ್ನುವಲ್ಲಿಗೆ ಕತ್ತರಿ ಓಡಿಬಿಟ್ಟಿದೆ. ಒಂಬತ್ತನೇ ಕಂತಿನ ಅಂಚಿನಲ್ಲಿ ಪೆನ್ಸಿಲಿನಲ್ಲಿ ದುಂಡಗೆ ಬರೆದಿದ್ದರು, ‘ಇದನ್ನು ರಾತ್ರಿ ಓದಬೇಡಿ’.

ರಾತ್ರಿಯೇ ಓದಿದೆವು.

ಆಮೇಲೆ ಯಂಡಮೂರಿ ವೀರೇಂದ್ರನಾಥರ ‘ತುಳಸಿದಳ’ ಬಂತು. ತೆಲುಗಿನಿಂದ ಕನ್ನಡಕ್ಕೆ ಬಂದು ಇಲ್ಲಿಯೂ ಮನೆಮಾತಾದದ್ದು. ತುಳಸಿ ಅನ್ನುವ ಪುಟ್ಟ ಹುಡುಗಿ, ಕಾಷ್ಮೋರ ಅನ್ನುವ ಮಾಟ. ಇದು ಮಗನಿಗೆ ಬೇಡ ಅನ್ನಿಸಿ ನಾನೇ ಇಟ್ಟುಕೊಂಡೆ, ಚಿಕ್ಕ ಮಕ್ಕಳಿರುವ ಮನೆಯಲ್ಲಿ ನೀವೂ ನೋಡಿಕೊಂಡು ಕೊಡಿ. ಇದರಲ್ಲಿ ನನಗೆ ಹಿಡಿಸಿದ್ದು ಮಾಟದ ಭಾಗಕ್ಕಿಂತ ವಾದದ ಭಾಗ. ಒಂದು ಕಡೆ ವೈದ್ಯರು, ಇನ್ನೊಂದು ಕಡೆ ಮಂತ್ರ, ನಡುವೆ ಮಗುವಿನ ತಂದೆ ತಾಯಿ. ಜ್ವರ ಇಳಿಯದ ಮಗುವನ್ನು ಆಸ್ಪತ್ರೆಗೂ ತೋರಿಸಿ, ಚೌಡಿಗೂ ಹೇಳಿಕೊಂಡು ಬರುವ ತಾಯಂದಿರು ನಮ್ಮೂರಲ್ಲಿ ಎಷ್ಟು ಜನ ಇಲ್ಲ. ಆ ತಂದೆ ತಾಯಿಯ ಸಂಕಟ ನನಗೆ ಅರ್ಥವಾಯಿತು. ಹೆದರಿಕೆ ಬಂದದ್ದು ಅಲ್ಲಿಂದಲೇ.

ಮಗನಿಗೆ ಬೇತಾಳದ ಕಥೆಗಳು ಸಿಕ್ಕಿದವು. ಹಳೆ ‘ಚಂದಮಾಮ’ದ ರಾಶಿ ಇದೆ ಇಲ್ಲಿ. ಛಲ ಬಿಡದ ತ್ರಿವಿಕ್ರಮ ಅಂತ ಮಾತಿಗೆ ಹೇಳುತ್ತೇವಲ್ಲ, ಆ ತ್ರಿವಿಕ್ರಮ ಹೆಣ ಹೊತ್ತು ನಡೆಯುವುದನ್ನು ಇವನು ಮೊದಲ ಸಲ ಓದಿದ. ಮೂಲ ಸಂಸ್ಕೃತದಲ್ಲಿ 25 ಕಥೆಗಳು, 11ನೇ ಶತಮಾನದ ಸೋಮದೇವನ ‘ಕಥಾಸರಿತ್ಸಾಗರ’ದಲ್ಲೂ ಅವು ಇವೆ. ಪ್ರತಿ ಕಥೆಯ ಕೊನೆಗೆ ಬೇತಾಳ ಒಂದು ಪ್ರಶ್ನೆ ಕೇಳುತ್ತದೆ. ಉತ್ತರ ಗೊತ್ತಿದ್ದೂ ಹೇಳದಿದ್ದರೆ ತಲೆ ಸಾವಿರ ಹೋಳು, ಹೇಳಿದರೆ ಮೌನ ಮುರಿದು ಬೇತಾಳ ಮತ್ತೆ ಮರಕ್ಕೆ. ಮಗ ಒಂದು ಉಪಾಯ ಕಂಡುಕೊಂಡ. ಪ್ರಶ್ನೆ ಬಂದ ಕೂಡಲೇ ಪುಸ್ತಕ ಮುಚ್ಚಿ ನಮಗೆಲ್ಲ ಕೇಳುವುದು, ಎಲ್ಲರೂ ಉತ್ತರ ಹೇಳಿದ ಮೇಲೆಯೇ ತೆರೆಯುವುದು. ಊಟದ ಹೊತ್ತಿಗೆ ಇದೇ ಚರ್ಚೆ. ನನ್ನ ಗಂಡ ಓದುವವರಲ್ಲ, ಆದರೆ ಅತಿ ಹೆಚ್ಚು ಸಲ ತ್ರಿವಿಕ್ರಮನ ಉತ್ತರವನ್ನೇ ಹೇಳಿದ್ದು ಅವರು.

ಈಗ ಪತ್ತೇದಾರಿ ಕಪಾಟು. ಇದು ಅತ್ತೆಯ ಜಾಗ.

ಅತ್ತೆಗೆ ಮಂಡಿ ನೋವು, ಆ ಕಡಿದಾದ ಮೆಟ್ಟಿಲು ಹತ್ತಲು ಆಗುವುದೇ ಇಲ್ಲ, ಒಮ್ಮೆಯೂ ಅಂಗಡಿ ನೋಡಿಲ್ಲ. ಆದರೆ ಅಲ್ಲಿ ಏನಿದೆ ಅಂತ ಅವರಿಗೆ ಬಾಯಿಪಾಠ. ಚೀಟಿ ಬರೆದುಕೊಡುತ್ತಾರೆ, ಮಾಲೀಕರು ಚೀಟಿಯ ಹಿಂದೆ ಉತ್ತರ ಬರೆದು ಕಳಿಸುತ್ತಾರೆ. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನಿಂದ ಶುರು ಮಾಡಿದರು. ಐನೂರಕ್ಕೂ ಹೆಚ್ಚು ಕಾದಂಬರಿ ಬರೆದ ಮನುಷ್ಯ, ಎಷ್ಟೋ ಮನೆಗಳಲ್ಲಿ ಹೆಣ್ಣುಮಕ್ಕಳಿಗೆ, ಹುಡುಗರಿಗೆ ಪುಸ್ತಕ ಹಿಡಿಸಿದ್ದೇ ಅವರು, ಅದನ್ನು ಮರೆಯಬಾರದು. ಆಮೇಲೆ ಟಿ.ಕೆ. ರಾಮರಾವ್. ‘ಬಂಗಾರದ ಮನುಷ್ಯ’ ಸಿನಿಮಾ ಬಂದದ್ದು ಇವರ ಕಾದಂಬರಿಯಿಂದ, ಹೊಲ ಉಳುವ ರಾಜೀವನನ್ನೂ ಕೊಲೆಯ ಜಾಡನ್ನೂ ಒಂದೇ ಕೈ ಬರೆದಿದೆ. ಮಾ. ರಾಮಮೂರ್ತಿಯವರ ಪತ್ತೇದಾರಿಗಳೂ ಕೆಲವು ಇವೆ. ನಮ್ಮ ಹಳದಿ ಕೆಂಪು ಕನ್ನಡ ಬಾವುಟ ರೂಪಿಸಿದವರು ಅವರೇ.

ಈ ಕಪಾಟಿನ ಪ್ರತಿ ಪುಸ್ತಕದ ಒಳರಟ್ಟಿಗೆ ಒಂದು ಬಿಳಿ ಹಾಳೆ ಅಂಟಿಸಿದ್ದಾರೆ. ಕೊಲೆಗಾರ ಯಾರು ಅಂತ ನಿಮಗೆ ಹೊಳೆದ ಪುಟದ ಸಂಖ್ಯೆ ಅಲ್ಲಿ ಬರೆಯಬೇಕು. ಹೆಸರು ಬರೆಯುವಂತಿಲ್ಲ, ಸಂಖ್ಯೆ ಮಾತ್ರ. ಒಂದು ಪುಸ್ತಕದಲ್ಲಿ ನೋಡಿದೆ, 112, 140, 97, 140, 151, ಬೇರೆ ಬೇರೆ ಶಾಯಿ, ಬೇರೆ ಬೇರೆ ಕೈಬರಹ, ಕೆಲವು ಮಾಸಿಹೋಗಿವೆ. ಕೆಳಗೆ ಅತ್ತೆಯ ಅಕ್ಷರದಲ್ಲಿ 61. ಅದನ್ನು ಬರೆದ ದಿನ ಅವರ ಮುಖ ನೋಡಬೇಕಿತ್ತು.

ಥ್ರಿಲ್ಲರ್ ಅಂತ ಈ ಕಪಾಟಿನಲ್ಲಿ ಏನೇನು ಸೇರಿಸಿದ್ದಾರೆ ಅನ್ನುವುದು ನನಗೆ ತುಂಬ ಇಷ್ಟ. ಪೂರ್ಣಚಂದ್ರ ತೇಜಸ್ವಿಯವರ ‘ಜುಗಾರಿ ಕ್ರಾಸ್’ ಇಲ್ಲಿದೆ. ಏಲಕ್ಕಿ ಮಾರಿ ಮನೆಗೆ ಹೊರಟ ಗಂಡ ಹೆಂಡತಿ, ಕಾಡು, ರೈಲು, ಹಳೆಯ ಕಾವ್ಯದ ಗುಟ್ಟು, ಎಲ್ಲ ಒಂದೇ ದಿನದ ಲೆಕ್ಕದಲ್ಲಿ. ನಾವೂ ಏಲಕ್ಕಿ ಬೆಳೆಯುವವರು. ಚೀಲ ಹೊತ್ತು ಪೇಟೆಗೆ ಹೋಗಿ, ದುಡ್ಡು ಸೊಂಟಕ್ಕೆ ಕಟ್ಟಿಕೊಂಡು, ಯಾರಾದರೂ ನೋಡುತ್ತಿದ್ದಾರಾ ಅಂತ ಬಸ್ಸಿನಲ್ಲಿ ಹಿಂದೆ ತಿರುಗಿ ನೋಡುವ ಆ ಎದೆಬಡಿತ ನಮಗೆ ಹೊಸದಲ್ಲ. ಇದನ್ನು ಓದಲು ಬೆಂಗಳೂರಿನವರಿಗಿಂತ ನಮಗೆ ಹಕ್ಕು ಜಾಸ್ತಿ ಅಂತ ನಾನು ನಿಜವಾಗಿಯೂ ನಂಬಿದ್ದೇನೆ.

ಅದರ ಪಕ್ಕದಲ್ಲೇ ಯಶವಂತ ಚಿತ್ತಾಲರ ‘ಶಿಕಾರಿ’. 1979ರ ಕಾದಂಬರಿ. ನಮ್ಮ ಜಿಲ್ಲೆಯವರೇ, ಗೋಕರ್ಣದ ಹತ್ತಿರದ ಹನೇಹಳ್ಳಿಯವರು. ಕಾಲೇಜಿನಲ್ಲಿ ಇದನ್ನು ಗಂಭೀರ ಸಾಹಿತ್ಯ ಅಂತ ದೂರದಲ್ಲಿ ಇಟ್ಟಿದ್ದರು, ಅರ್ಥವಾಗುವುದಿಲ್ಲ ಅಂತ ಹೆದರಿ ನಾನೂ ಮುಟ್ಟಿರಲಿಲ್ಲ. ಇಲ್ಲಿ ಪುರುಷೋತ್ತಮನ ಪಕ್ಕದಲ್ಲಿ ನೋಡಿ ಧೈರ್ಯ ಬಂತು. ಮುಂಬೈಯ ಕಂಪನಿಯಲ್ಲಿ ದೊಡ್ಡ ಹುದ್ದೆಯಲ್ಲಿರುವ ನಾಗಪ್ಪನನ್ನು ಇದ್ದಕ್ಕಿದ್ದಂತೆ ಸಸ್ಪೆಂಡ್ ಮಾಡುತ್ತಾರೆ. ಯಾಕೆ, ಯಾರು, ಅವನಿಗೇ ತಿಳಿಯದು. ಬೇಟೆ ಶುರುವಾಗಿದೆ, ಬೇಟೆಗಾರ ಕಾಣುತ್ತಿಲ್ಲ. ಓದುವುದು ನಿಧಾನ, ಕೆಲವು ಪುಟ ಎರಡು ಸಲ ಓದಬೇಕಾಯಿತು, ಆದರೆ ಆ ಭಯ ನಿಜವಾದದ್ದು. ಕುಮಟೆಗೆ ಹೋಗುವಾಗ ದೇವಿಮನೆ ಘಟ್ಟ ಇಳಿಯುವ ಬಸ್ಸಿನಲ್ಲಿ ಓದುತ್ತಿದ್ದೆ, ತಿರುವಿಗೊಮ್ಮೆ ಪುಸ್ತಕ ಮುಚ್ಚಿ ಹೊರಗೆ ನೋಡುತ್ತಿದ್ದೆ, ಅಷ್ಟು ಬಿಗಿ.

ಇನ್ನು ದೂರುಗಳು. ಇವೆ, ಮುಚ್ಚಿಡುವುದಿಲ್ಲ.

ಒಂದು ಪತ್ತೇದಾರಿಯಲ್ಲಿ ಕೊನೆಯ ನಾಲ್ಕು ಪುಟ ಇರಲಿಲ್ಲ. ಕೊನೆಯ ನಾಲ್ಕು ಪುಟ! ಅತ್ತೆ ರಾತ್ರಿ ಹನ್ನೊಂದರ ತನಕ ಎದ್ದು ಓದಿ ಅಲ್ಲಿಗೆ ಬಂದು ನಿಂತಿದ್ದಾರೆ, ಮುಂದೆ ರಟ್ಟು. ಅವತ್ತು ನನಗೆ ನಿಜಕ್ಕೂ ಸಿಟ್ಟು ಬಂದಿತ್ತು. ಹೊರಗೆ ಕೊಡುವ ಮುಂಚೆ ಪುಟ ನೋಡಬೇಕಾದ್ದು ಅಂಗಡಿಯವರ ಕೆಲಸ ಅಲ್ವಾ? ಹೋಗಿ ನೇರವಾಗಿ ಕೇಳಿದೆ. ಮಾಲೀಕರು ತಪ್ಪು ಒಪ್ಪಿಕೊಂಡರು, ರಿಜಿಸ್ಟರ್ ತೆಗೆದು ಆ ಪುಸ್ತಕವನ್ನು ಹಿಂದೆ ಯಾರು ಓದಿದ್ದಾರೆ ನೋಡಿದರು, ಒಬ್ಬ ನಿವೃತ್ತ ಮಾಸ್ತರರಿಗೆ ಅಲ್ಲೇ ಫೋನ್ ಮಾಡಿದರು. ಮಾಸ್ತರರು ಸಂಜೆ ನಮ್ಮ ಮನೆಗೇ ಫೋನ್ ಮಾಡಿ ಅತ್ತೆಗೆ ಕೊನೆಯನ್ನು ಹೇಳಿದರು, ಇಪ್ಪತ್ತು ನಿಮಿಷ, ಸಾಕ್ಷಿ ಸಮೇತ. ಅತ್ತೆಗೆ ಅದು ಪುಸ್ತಕಕ್ಕಿಂತ ಚೆನ್ನಾಗಿತ್ತಂತೆ. ಆದರೂ ಹೇಳುತ್ತೇನೆ, ಮನೆಗೆ ಒಯ್ಯುವ ಮುಂಚೆ ಕೊನೆಯ ಪುಟ ಇದೆಯಾ ಅಂತ ನೀವೇ ನೋಡಿಕೊಳ್ಳಿ.

ಸಮಯ ಇನ್ನೊಂದು ತೊಂದರೆ. ಸಂಜೆ 4ರಿಂದ 7:30, ಮಂಗಳವಾರ ರಜೆ. ಹಳ್ಳಿಯಿಂದ ಬಂದವರು ಐದೂವರೆ ಬಸ್ಸು ಹಿಡಿಯಬೇಕು, ಅಂದರೆ ನಮಗೆ ಸಿಗುವುದು ಒಂದು ಗಂಟೆ. ಬೆಳಿಗ್ಗೆ ಎರಡು ತಾಸು ತೆರೆದರೆ ಎಷ್ಟೋ ಉಪಕಾರ. ಒಳಕೋಣೆಯ ಮೂಲೆಯಲ್ಲಿ ಮಳೆಗಾಲದಲ್ಲಿ ಸೋರುತ್ತದೆ, ಅಲ್ಲಿನ ಪುಸ್ತಕಗಳಿಗೆ ಬೂಷ್ಟು. ಮತ್ತೆ ಈಚಿನ ಹತ್ತು ವರ್ಷದ ಪುಸ್ತಕ ಕಡಿಮೆ. ಹೆಣ್ಣುಮಕ್ಕಳು ಬರೆದ ಪತ್ತೇದಾರಿ, ದೆವ್ವದ ಕಥೆ ಇನ್ನೂ ಕಡಿಮೆ. ಕೇಳಿದ್ದೇನೆ, ತರಿಸುತ್ತೇನೆ ಅಂದಿದ್ದಾರೆ, ಕಾಯುತ್ತಿದ್ದೇನೆ.

ಇತಿಹಾಸದ ಕಪಾಟು ಮಾತ್ರ ತುಂಬಿದೆ. ಕಾರ್ನಾಡರ ‘ತಲೆದಂಡ’, ಲಂಕೇಶರ ‘ಸಂಕ್ರಾಂತಿ’ ಎರಡನ್ನೂ ಒಟ್ಟಿಗೆ ಕೊಡುತ್ತಾರೆ, ಒಂದೇ ಕಲ್ಯಾಣ, ಒಬ್ಬನೇ ಬಸವಣ್ಣ, ಎರಡು ಕಣ್ಣು. ಹಾಗೆ ಜೋಡಿ ಓದಿದರೆ ಇತಿಹಾಸದಲ್ಲಿ ಬರೆಯುವವರ ಪಾಲು ಎಷ್ಟು ಅಂತ ತಿಳಿಯುತ್ತದೆ. ತ.ರಾ.ಸು. ಅವರ ‘ದುರ್ಗಾಸ್ತಮಾನ’ ಓದಿ ಮುಗಿಸಲು ನನಗೆ ಒಂದು ತಿಂಗಳು ಹಿಡಿಯಿತು. 1779ರಲ್ಲಿ ಚಿತ್ರದುರ್ಗ ಬಿದ್ದ ಕಥೆ, ಬೀಳುತ್ತದೆ ಅಂತ ಹೆಸರಲ್ಲೇ ಇದೆ, ಗೊತ್ತಿದ್ದೂ ಬೀಳಬಾರದು ಅಂತ ಕೊನೆಯ ತನಕ ಆಸೆ ಇತ್ತು. ಗೇರುಸೊಪ್ಪೆಯನ್ನು ಆಳಿದ, ಪೋರ್ಚುಗೀಸರು ಕಾಳುಮೆಣಸಿನ ರಾಣಿ ಅಂತ ಕರೆದ ಚೆನ್ನಭೈರಾದೇವಿಯ ಬಗ್ಗೆ ಗಜಾನನ ಶರ್ಮರ ಕಾದಂಬರಿ ಇದೆ. ಅದನ್ನು ಓದಿದ ಮೇಲೆ ಮಗನನ್ನು ಆ ರಾಣಿಯದು ಅನ್ನುವ ಮಿರ್ಜಾನ್ ಕೋಟೆಗೆ ಕರೆದುಕೊಂಡು ಹೋಗಿದ್ದೆ. ಅವನು ಮೊದಲು ಹುಡುಕಿದ್ದು ಸುರಂಗವನ್ನು, ದೌಲತಾಬಾದಿನ ಹೆಬ್ಬಾವು ಅವನ ತಲೆಯಲ್ಲಿ ಇನ್ನೂ ಇತ್ತು.

ಯಾರಿಗೆ ಈ ಅಂಗಡಿ ಹಿಡಿಸುತ್ತದೆ? ಇದೇ ಪುಸ್ತಕ ಇವತ್ತೇ ಬೇಕು ಅನ್ನುವವರಿಗೆ ಕಷ್ಟ. ಪರೀಕ್ಷೆಗೆ ಓದುವವರಿಗೂ ಇಲ್ಲಿ ಹೆಚ್ಚೇನಿಲ್ಲ. ಮನೆಯಲ್ಲಿ ಎರಡು ಮೂರು ಜನ ಓದುವವರಿದ್ದು, ಒಬ್ಬೊಬ್ಬರದು ಒಂದೊಂದು ರುಚಿ ಅಂತಿದ್ದರೆ ಖಂಡಿತ ಹೋಗಿ. ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ, ಆ ಒಂದು ಅಂಕ ಮೆಟ್ಟಿಲಿಗೆ, ಕೈ ಹಿಡಿಯಲು ಒಂದು ಹಗ್ಗವಾದರೂ ಕಟ್ಟಿದರೆ ಅದನ್ನೂ ಕೊಡುತ್ತೇನೆ.

ಈ ಸಲ ಚೀಲದಲ್ಲಿ ಬಂದದ್ದು ಹೀಗಿದೆ. ಅತ್ತೆಗೆ ‘ರಾಕ್ಷಸ ತಂಗಡಿ’, 1565ರ ತಾಳಿಕೋಟೆ ಯುದ್ಧದ ಬಗ್ಗೆ ಕಾರ್ನಾಡರು ಬರೆದ ನಾಟಕ, ಅಳಿಯ ರಾಮರಾಯನ ಮಾತನ್ನು ಈಗಾಗಲೇ ಒಲೆ ಮುಂದೆ ಕೂತು ಅಭ್ಯಾಸ ಮಾಡುತ್ತಿದ್ದಾರೆ. ಮಗನಿಗೆ ಪುರುಷೋತ್ತಮ, ಅಜ್ಜಿಯ 61 ಮುರಿಯಬೇಕಂತೆ. ನನಗೆ ಇನ್ನೊಂದು ಸುತಳಿ ಕಟ್ಟು, ಯಾವುದೋ ಹಳೆ ವಾರಪತ್ರಿಕೆಯ ದೆವ್ವದ ಧಾರಾವಾಹಿ, ಮೊದಲ ಭಾಗ ಮಾತ್ರ. ಬಾವಿಯ ಹತ್ತಿರ ಯಾರೋ ಹೆಸರು ಹಿಡಿದು ಕರೆದರು ಅನ್ನುವಲ್ಲಿಗೆ ನಿಂತಿದೆ. ಎರಡನೇ ಭಾಗ ಸಿದ್ದಾಪುರದ ಒಬ್ಬ ಸದಸ್ಯರ ಹತ್ತಿರ ಇದೆಯಂತೆ, ಶನಿವಾರ ತಂದುಕೊಡುತ್ತಾರಂತೆ. ಶನಿವಾರ ನಾಲ್ಕಕ್ಕೆ ಮುಂಚೆ ನಾನು ಮೆಟ್ಟಿಲ ಬುಡದಲ್ಲಿರುತ್ತೇನೆ.